ಅಲಾರಂ ಕೆಟ್ಟಿಲ್ರಿ, ಧೂಳ ಕುಂತದ: ನವೆಂಬರ್ 1ರಿಂದ ಸರ್ವಿಸ್‌ಗೆ ರೊಕ್ಕ ಯಾಕ ತಗೋಳಾಕತ್ತೀವಿ

ನಮ್ಮ ಎಲ್ಲಾ ಗಿರಾಕಿಗಳಿಗೆ ಶರಣ್ರಿ, ನಮಸ್ಕಾರ, ಸಲಾಂ.

ಸುತ್ತು ಬಳಸಿ ಹೇಳೋದಿಲ್ಲ. ನವೆಂಬರ್ 1ರಿಂದ ಸ್ಮೋಕ್ ಅಲಾರಂ (ಮನಿಯಾಗ ಹೊಗಿ ಎದ್ರ ಕೂಗೋ ಡಬ್ಬಿ) ಸರ್ವಿಸ್‌ಗೆ ನಾವು ರೊಕ್ಕ ತಗೋತೀವಿ. ಕಲಬುರಗಿ ರಿಂಗ್ ರೋಡ್ ಒಳಗ ಒಂದ್ ಸಲ ಬಂದ್ರ 250 ರೂಪಾಯಿ, ಮನ್ಯಾಗ ಒಂದಿರ್ಲಿ ನಾಕಿರ್ಲಿ ಎಲ್ಲಾ ಸೇರಿ ಅಷ್ಟೇ. ಶಹಾಬಾದ್, ಆಳಂದ, ಜೇವರ್ಗಿ ಕಡಿಯವರಿಗೆ 450. ಹೊಸಾದು ತಗೊಂಡವರಿಗೆ ಮೊದಲ್ನೇ ವರ್ಷ ಎರಡು ಸಲ ಫ್ರೀ. ಅಲಾರಂದಾಗೇ ದೋಷ ಇದ್ದು ವಾರಂಟಿ ಇನ್ನಾ ಇದ್ರ ಒಂದ್ ಪೈಸಾ ತಗೊಳಲ್ಲ, ಬದಲಿ ಹಾಕಿ ಬರ್ತೀವಿ. ಇಷ್ಟ್ ದಿನ ಎಲ್ಲಾ ಫ್ರೀ ಇತ್ತು, ಅದು ನಿಮಗೂ ಗೊತ್ತದ, ಹಂಗಾಗಿ ಇದನ್ನ ಬರಿಯುವಾಗ ನಮಗೂ ಮನಸ್ಸಿಗೆ ಹಗುರ ಇಲ್ಲ.

ನಮ್ಮ ಎಲೆಕ್ಟ್ರಿಕಲ್ ಅಂಗಡಿ ಬಗ್ಗಿ ನಿಮಗ ಹೇಳೋದೇನಿಲ್ಲ, ಅಪ್ಪನ ಕಾಲದಿಂದ ವಾಯರ್ ಒಯ್ಯೋರು ನೀವು. ಆದ್ರ ಹೋದ ಒಂದೂವರೆ ವರ್ಷದಿಂದ ಕೌಂಟರ್ ಮುಂದ, ಫೋನಾಗ, ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್‌ನಾಗ ಒಂದೇ ಮಾತು ಕೇಳಿ ಕೇಳಿ ಸಾಕಾಗ್ಯಾದ. "ಬೆಂಕಿ ಇಲ್ಲ, ಹೊಗಿ ಇಲ್ಲ, ಸುಮ್ ಸುಮ್ಮನ ಹೊಡ್ಕೊಳ್ತದ, ಡೂಪ್ಲಿಕೇಟ್ ಮಾಲ್ ಕೊಟ್ಟಾರ." ಈಗ ಅದರ ಮ್ಯಾಲ ರೊಕ್ಕನೂ ಕೇಳಿದ್ರ ಏನ್ ಅಂತೀರಿ ಅಂತ ನಮಗ ಗೊತ್ತಿಲ್ದೇ ಇಲ್ಲ. ಅದಕ್ಕೇ ಈ ಪತ್ರ ಇಷ್ಟು ಉದ್ದ ಆಗ್ಯಾದ, ದಯಮಾಡಿ ಪೂರಾ ಓದ್ರಿ.

ನೀವು ಹಳೆ ಮಾಳಗಿ ಮನಿ ನೋಡೀರಿ. ಮ್ಯಾಲ ಬೆಳಕಿಂಡಿ ಇರ್ತದ, ಮಧ್ಯಾಹ್ನ ಬಿಸಿಲು ಕೋಲಿನಂಗ ಕೆಳಗ ಇಳೀತದ. ಆ ಬಿಸಿಲ ಕೋಲು ಕಣ್ಣಿಗೆ ಕಾಣೋದು ಅದರಾಗ ತೇಲೋ ಧೂಳಿನ ಕಣದಿಂದ. ಅವ್ವ ಕಸ ಹೊಡದ್ರ ಕೋಲು ಇನ್ನಾ ದಪ್ಪ ಕಾಣ್ತದ, ಒಲಿ ಹಚ್ಚಿದ್ರ ಹೊಗಿಯಾಗೂ ಹಂಗೇ ಕಾಣ್ತದ. ಗಾಳಿ ಪೂರಾ ಸ್ವಚ್ಛ ಇದ್ರ ನೆಲದ ಮ್ಯಾಲ ಬಿದ್ದ ಬಿಸಿಲಿನ ಬಿಲ್ಲಿ ಅಷ್ಟೇ ಕಾಣ್ತಿತ್ತು, ನಡುವಿನ ಕೋಲು ಕಾಣ್ತಿದ್ದಿಲ್ಲ.

ನಾವು ಮಾರೋ ಅಲಾರಂ ಒಳಗ ಇರೋದು ಇದೇ ಬೆಳಕಿಂಡಿ. ಒಂದು ಸಣ್ಣ ಕರಿ ಡಬ್ಬಿ, ಅದರಾಗ ಒಂದ್ ಕಡಿ ಎಲ್ಇಡಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಕೆಲವು ಸೆಕೆಂಡಿಗೊಮ್ಮೆ ಮಿಂಚಸ್ತದ. ಇನ್ನೊಂದ್ ಕಡಿ ಬೆಳಕು ಹಿಡಿಯೋ ಕಣ್ಣು, ಆದ್ರ ಅದನ್ನ ಎದರಾ ಬದರಾ ಇಟ್ಟಿರಲ್ಲ, ಓರೆ ಇಟ್ಟಿರ್ತಾರ, ಬೆಳಕು ಸೀದಾ ಅದಕ್ಕ ತಾಗಬಾರ್ದಂತ. ಗೋಡಿ ಕರ್ರಗ, ಅಂಕು ಡೊಂಕು, ಬಿದ್ದ ಬೆಳಕು ಅಲ್ಲೇ ನುಂಗಬೇಕು, ಹೊರಗಿನ ಟ್ಯೂಬ್‌ಲೈಟ್ ಬೆಳಕೂ ಒಳಗ ಬರಬಾರ್ದು. ಹೊಗಿ ಒಳಗ ಹೊಕ್ಕಿತು ಅಂದ್ರ ಬೆಳಕು ಆ ಕಣಕ್ಕ ಬಡದು ನಾಕೂ ಕಡಿ ಚೆಲ್ತದ, ಅದರಾಗ ಸ್ವಲ್ಪ ಆ ಓರೆ ಕಣ್ಣಿಗೆ ಬೀಳ್ತದ, ಗೊತ್ತು ಮಾಡಿಟ್ಟ ಅಳತಿಗಿಂತ ಜಾಸ್ತಿ ಬಿತ್ತು ಅಂದ್ರ ಕೂಗ್ತದ. ಇಷ್ಟೇ ಅದರ ಕೆಲಸ. ಅದಕ್ಕ ಮೂಗಿಲ್ಲ, ವಾಸನಿ ಹಿಡಿಯಲ್ಲ, ಬೆಂಕಿ ಅಂದ್ರೇನಂತ ಗೊತ್ತಿಲ್ಲ. ಕಣಕ್ಕ ಬಡದ ಬೆಳಕು ಅಷ್ಟೇ ಗೊತ್ತು. ಆ ಕಣ ಹಾಸಗಿ ಸುಟ್ಟ ಹೊಗಿದೋ, ಬಚ್ಚಲದ ಉಗಿದೋ, ಗೋಡಿಗೆ ಹಚ್ಚಿದ ಪುಟ್ಟಿ ಉಜ್ಜಿದ ಪುಡಿನೋ, ಸಣ್ಣ ಹುಳನೋ, ಅದಕ್ಕ ಎಲ್ಲಾ ಒಂದೇ.

ಈಗ ಧೂಳಿನ ಮಾತು. ಒಮ್ಮಿಗೇ ಗಾಳಿಗೆ ಎದ್ದ ಧೂಳ ಒಳಗ ಹೋದ್ರ ಆಗಿಂದಾಗೇ ಕೂಗಬಹುದು. ಆದ್ರ ನಿಮಗ ಜಾಸ್ತಿ ತ್ರಾಸ ಕೊಡೋದು ಅದಲ್ಲ, ವರ್ಷಗಟ್ಟಲೆ ಮೆಲ್ಲಕ ಕುಂತಿದ್ದು. ಆ ಕರಿ ಗೋಡಿ ಮ್ಯಾಲ ಬಿಳಿ ಪುಡಿ ಕುಂತು ಕುಂತು ಗೋಡಿ ಬೂದಿ ಬಣ್ಣ ಆಗ್ತದ, ಬೆಳಕು ನುಂಗೋ ಬದಲಿ ತಿರುಗಿ ಚೆಲ್ತದ, ಹೊಗಿ ಇಲ್ದೇನೂ ಕಣ್ಣಿಗೆ ಒಂದಿಷ್ಟು ಬೆಳಕು ಯಾವಾಗ್ಲೂ ಬೀಳ್ತಿರ್ತದ. ಅಂದ್ರ ಕೊಡ ಮುಕ್ಕಾಲು ಮೊದಲೇ ತುಂಬ್ಯಾದ. ಆಮ್ಯಾಲ ನೀವು ದೇವರ ಮುಂದ ಎರಡು ಊದಿನಕಡ್ಡಿ ಹಚ್ಚೀರಿ, ಅಥವಾ ಮಗರಿಬ್ ಹೊತ್ತಿಗೆ ಲೋಬಾನ ಹಾಕೀರಿ, ಹೋದ ವರ್ಷ ಅಷ್ಟೇ ಹೊಗಿಗೆ ಏನೂ ಆಗಿದ್ದಿಲ್ಲ, ಈ ವರ್ಷ ಊರು ಎಬ್ಬಸ್ತದ. ನೀವು ಅಲಾರಂ ಕೆಟ್ಟದ ಅಂತೀರಿ. ಅದು ಕೆಟ್ಟಿಲ್ರಿ, ಅದರ ಗೋಡಿ ಬೆಳ್ಳಗಾಗ್ಯಾವ. ದೊಡ್ಡ ದೊಡ್ಡ ಆಫೀಸಿಗೆ ಹಾಕೋ ದುಬಾರಿ ಡಿಟೆಕ್ಟರ್‌ನಾಗ ಈ ಏರಿಕಿ ತಾನೇ ಲೆಕ್ಕ ಹಿಡಿದು ಕಳಿಯೋ ವ್ಯವಸ್ಥಾ ಇರ್ತದ, ಮನಿಗೆ ಹಾಕೋ ಸಾದಾ ಅಲಾರಂದಾಗ ಅದನ್ನ ನಿರೀಕ್ಷಾ ಮಾಡಬ್ಯಾಡ್ರಿ.

ಇದಕ್ಕಿಂತ ನಮಗ ಅಂಜಿಕಿ ಹುಟ್ಟಸೋದು ಇನ್ನೊಂದದ. ಧೂಳ ಎಲ್ಇಡಿ ಮ್ಯಾಲ, ಕಣ್ಣಿನ ಮ್ಯಾಲ ದಪ್ಪ ಕುಂತ್ರ, ಇಲ್ಲಾ ಹೊರಗಿನ ಜಾಳಿ ಕಟ್ಕೊಂಡ್ರ ಉಲ್ಟಾ ಆಗ್ತದ, ಖರೇ ಹೊಗಿ ಬಂದ್ರೂ ಕೂಗಲ್ಲ, ಇಲ್ಲಾ ತಡಾ ಮಾಡಿ ಕೂಗ್ತದ. ಸುಮ್ಮನ ಕೂಗಿದ್ದು ನಿಮಗ ತಿಳೀತದ, ಫೋನ್ ಮಾಡಿ ಬೈತೀರಿ. ಕುರುಡಾಗಿದ್ದು ಯಾರಿಗೂ ತಿಳಿಯಲ್ಲ.

ಮತ್ತ ನಮ್ಮ ಕಲಬುರಗಿ ಧೂಳ ಎಂಥಾದಂತ ನಿಮಗ ನಾವು ಹೇಳಬೇಕೇನು. ಬ್ಯಾಸಗ್ಯಾಗ 42, 43 ಡಿಗ್ರಿ ಬಿಸಿಲು, ಎರಿ ಹೊಲದ ಮಣ್ಣು ಗಾಳಿಗೆ ಹಾರ್ತದ. ಓಣಿಗೊಂದು ಮನಿ ಕಟ್ಟಲಾಕತ್ತಾರ, ಮುಂದ ಶಹಾಬಾದ್ ಪರ್ಸಿ ಕಟಿಂಗ್ ಮಷೀನ್ ಹಚ್ಚಿರ್ತಾರ, ಆ ಸುಣ್ಣದ ಕಲ್ಲಿನ ಹಿಟ್ಟಿನಂಥಾ ಪುಡಿ ಕಿಟಕಿ ಮುಚ್ಚಿದ್ರೂ ಒಳಗ ಬರ್ತದ. ಕಪನೂರ ಕಡಿ ಬ್ಯಾಳಿ ಮಿಲ್ಲಿನ ತೊಗರಿ ಹೊಟ್ಟು, ವಾಡಿ, ಸೇಡಂ ಕಡಿ ಇದ್ದವರಿಗೆ ಸಿಮೆಂಟ್ ಪುಡಿ. ಅದರ ಮ್ಯಾಲ ಏಪ್ರಿಲ್, ಮೇ ತಿಂಗಳು ಹಗಲೂ ರಾತ್ರಿ ಕೂಲರ್, ಅದು ಹೊರಗಿನ ಗಾಳಿ ಎಳದು ಒದ್ದಿ ಮಾಡಿ ಒಳಗ ತಳ್ತದ, ತೇವಕ್ಕ ಧೂಳ ಅಂಟಿ ಕುಂತುಬಿಡ್ತದ. ಕೂಲರ್ ಎದರಿಗೇ ಅಲಾರಂ ಇದ್ದ ಮನಿಯಾಗ ನಾವು ಬಿಚ್ಚಿದಾಗ ಜಾಳಿ ಮ್ಯಾಲ ಮಣ್ಣಿನ ಪದರ ಕೈಲೆ ಕಿತ್ತೀವಿ. ಮಳಿ ಶುರು ಆದಕೂಡ್ಲೇ ದೀಪಕ್ಕ ಬರೋ ಹುಳ, ಅವೂ ಒಳಗ ಹೊಕ್ಕು ಸಾಯ್ತಾವ. ಈ ಅಲಾರಂ ಮಾಡಿದವರು ಇಂಥಾ ಊರು ನೋಡಿ ಮಾಡಿಲ್ಲ, ಆದ್ರ ನಾವು ಇರೋದು ಇಲ್ಲೇ.

ನಮ್ಮ ತಪ್ಪೂ ಅವ, ಮುಚ್ಚಿಡಲ್ಲ. ಮಾರುವಾಗ "ಆರು ತಿಂಗಳಿಗೊಮ್ಮೆ ಧೂಳ ತೆಗೀಬೇಕು" ಅಂತ ಬಾಯಿಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ, ಇಂಗ್ಲಿಷ್‌ನಾಗಿರೋ ಪುಸ್ತಕ ಡಬ್ಬಿಯಾಗ ಹಾಕಿ ಕೊಟ್ಟುಬಿಟ್ಟೀವಿ. ಶುರುವಿಗೆ ಹಾಕಿದ ಕೆಲವು ಮನಿಯಾಗ ಗಿರಾಕಿ ಹೇಳಿದ್ರಂತ ಅಡಗಿಮನಿ ಬಾಗಲಕ್ಕೇ ಹಾಕೀವಿ, ಅಲ್ಲಿ ಮೆಣಸಿನಕಾಯಿ ಒಗ್ಗರಣಿ ಹಾಕಿದ ಸಲಾ ಕೂಗ್ತದ, ಒಲಿಯಿಂದ 10 ಫೂಟರೆ ದೂರ ಇರಬೇಕಿತ್ತು. ಫ್ಯಾನಿಗೂ ಹತ್ರ ಹಾಕಬಾರ್ದು, 3 ಫೂಟ್ ಬಿಡಬೇಕು. ಹಂಗ ನಾವು ತಪ್ಪು ಜಾಗದಾಗ ಹಾಕಿದ್ದು ಅದ ಅಂದ್ರ ತಿಳಸ್ರಿ, ಜಾಗ ಬದಲಿ ಮಾಡಿಕೊಡೋದಕ್ಕ ರೊಕ್ಕ ಇಲ್ಲ, ಅದು ನಮ್ಮ ಮ್ಯಾಲ. ಹೋದ ತಿಂಗಳು ಬ್ರಹ್ಮಪುರದ ಒಬ್ಬ ಅಕ್ಕೋರು ರಾತ್ರಿ 2ಕ್ಕ ನಾಕ್ ಸಲ ಫೋನ್ ಮಾಡ್ಯಾರ, ನಾವು ಎತ್ತಿಲ್ಲ, ಮನಿಯಾಗ ಹಸುಗೂಸು ಇತ್ತಂತ. ಅಕ್ಕೋರೆ, ಕ್ಷಮಾ ಇರ್ಲಿ, ಮರುದಿನ ಬಂದು ನಿಮ್ಮ ಮುಂದ ನಿಂತಾಗ ಹೇಳಲಿಕ್ಕೆ ಮಾತು ಬರಲಿಲ್ಲ.

ಆದ್ರ ಕೆಲವರು ವಾಟ್ಸಾಪ್‌ನಾಗ, ರೊಕ್ಕ ಹೊಡಿಲಾಕ ಈ ಧಂದೆ ಹಿಡದಾರ ಅಂತ ನಮ್ಮ ಬಗ್ಗಿ ಬರದೀರಲ್ಲ, ಅದು ಮನಸ್ಸಿಗೆ ಹತ್ತಿತ್ರಿ. ಲೆಕ್ಕ ಹೇಳ್ತೀನಿ ಕೇಳ್ರಿ. ಒಂದ್ ಅಲಾರಂ ಮಾರಿದ್ರ ನಮಗ ಉಳಿಯೋದು 150 ರೂಪಾಯಿ, ಯಾವಾಗರೆ 180. ಏಣಿ ಹಿಡ್ಕೊಂಡು ಒಬ್ಬನೇ ಗಾಡಿ ಹೊಡೆಯಾಕ ಬರಲ್ಲ, ಇಬ್ಬರು ಹುಡುಗರು ಹೋಗಬೇಕು, ಇಬ್ಬರದೂ ಅರ್ಧ ದಿನ ಹೋತು. ಪೆಟ್ರೋಲ್ ಲೀಟರಿಗೆ 100 ದಾಟಿ ಎಷ್ಟು ದಿನ ಆತು. ಆಳಂದಕ್ಕ ಹೋಗಿ ಬರ್ಲಾಕ 80 ಕಿಲೋಮೀಟರ್ ಮ್ಯಾಲ. ಹೋದ ದಸರಾ ಮುಂದ ಎಲ್ಲಾರೂ ಮನಿ ಜಾಡಸ್ಲಾಕ, ಬಣ್ಣ ಹಚ್ಚಲಾಕ ಶುರು ಮಾಡಿದ್ರು, ಒಂದೇ ದಿನ 11 ಫೋನ್, 11ಕ್ಕ 9 ಮನಿಯಾಗ ಧೂಳ, ಒಂದ್ರಾಗ ಬ್ಯಾಟ್ರಿ, ಒಂದ್ರಾಗ ಖರೇನೇ ದೋಷ. ಆ 9 ಮನಿಯಾಗ ನಾವು ಮಾಡಿದ್ದು ಕೆಲಸ ಅಲ್ಲೇನ್ರಿ? ಬ್ರಷ್ ಹಚ್ಚೋದು, ವ್ಯಾಕ್ಯೂಮ್ ಹಿಡಿಯೋದು, ಟೆಸ್ಟ್ ಮಾಡಿ ಬರೋದು, 20 ನಿಮಿಷ ಕತ್ತು ಮ್ಯಾಲ ಮಾಡಿ ನಿಲ್ಲಬೇಕು. ಹುಡುಗರ ಪಗಾರ ಏರಿಸೀವಿ, ಏರಿಸಲೇಬೇಕಿತ್ತು, ಅವರಿಗೂ ಮನಿ ಅದ. ಎರಡು ವರ್ಷ ನಾವೇ ಕೈಯಿಂದ ಹಾಕಿ ನಡಿಸೀವಿ, ಇನ್ನ ಆಗಲ್ಲ. ಅಲಾರಂ ರೇಟ್ ಏರ್ಸಿ ಇದರ ಖರ್ಚು ಅದರಾಗೇ ಸೇರಸಬಹುದಿತ್ತು, ಯಾರಿಗೂ ತಿಳಿತಿದ್ದಿಲ್ಲ. ಹಂಗ ಮಾಡಲಿಕ್ಕೆ ಮನಸ್ಸು ಒಪ್ಪಲಿಲ್ಲ, ಯಾಕಂದ್ರ ತಾವೇ ಸ್ವಚ್ಛ ಮಾಡ್ಕೊಳ್ಳೋರು ಸುಮ್ಮನ ಯಾಕ ಜಾಸ್ತಿ ಕೊಡಬೇಕು.

ಹೌದ್ರಿ, ನೀವೇ ಮಾಡ್ಕೋಬಹುದು, ನಾವೇ ಹೇಳಲಾಕತ್ತೀವಿ. ವ್ಯಾಕ್ಯೂಮ್ ಕ್ಲೀನರ್ ಇದ್ರ ಮೆತ್ತನ ಬ್ರಷ್ ಹಚ್ಚಿ ಸುತ್ತಲಿನ ಸಂದಿ ಎಳೀರಿ, ಇಲ್ಲಂದ್ರ ಒಣಾ ಪೇಂಟಿಂಗ್ ಬ್ರಷ್ ಸಾಕು. ಒಳಗ ಬಿಚ್ಚಬ್ಯಾಡ್ರಿ. ನೀರು, ಒದ್ದಿ ಅರಬಿ, ಗ್ಲಾಸ್ ಒರೆಸೋ ಸ್ಪ್ರೇ ಯಾವುದೂ ಬ್ಯಾಡ, ಬಾಯಿಲೆ ಊದಲೂ ಬ್ಯಾಡ್ರಿ, ಉಸಿರಿನ ತೇವ ಒಳಗ ಹೋಗ್ತದ. ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡಿಸ್ಕೊಂಡು ಬಂದವರೂ ಅದೀರಿ, ಆ ಗಾಳಿಯಾಗ ನೀರು, ಎಣ್ಣಿ ಎರಡೂ ಇರ್ತಾವ, ಇನ್ನಾ ಕೆಡ್ತದ. ಮನಿಗೆ ಪುಟ್ಟಿ ಉಜ್ಜುವಾಗ, ಪರ್ಸಿ ಕಡಿಯುವಾಗ ಅಲಾರಂಕ್ಕ ಒಂದ್ ಪ್ಲಾಸ್ಟಿಕ್ ಚೀಲ ಕಟ್ರಿ, ಕೆಲಸ ಮುಗಿದ ಸಂಜೀಗೇ ಮರೀದೇ ಬಿಚ್ರಿ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡ್ರಿ.

ಇನ್ನೊಂದ್ ಮಾತು, ಇದಕ್ಕೂ ಫೋನ್ ಬರ್ತಾವ. ಅರ್ಧ ನಿಮಿಷಕ್ಕೋ ನಿಮಿಷಕ್ಕೋ ಒಮ್ಮೆ "ಚಿಂವ್" ಅಂತ ಒಂದೇ ಸಲ ಅಂದು ಸುಮ್ಮನಾದ್ರ ಅದು ಹೊಗಿನೂ ಅಲ್ಲ ಧೂಳೂ ಅಲ್ಲ, ಬ್ಯಾಟ್ರಿ ಇಳದದ ಅಂತ ಅರ್ಥ. ಬೆಳಗಿನ ಜಾವಕ್ಕೇ ಯಾಕ ಶುರು ಆಗ್ತದಂದ್ರ ಆ ಹೊತ್ತಿಗೆ ತಂಪು ಜಾಸ್ತಿ, ಇಳಿದ ಬ್ಯಾಟ್ರಿ ತಂಪಿಗೆ ಇನ್ನಾ ಸೋಲ್ತದ. 9 ವೋಲ್ಟ್ ಬ್ಯಾಟ್ರಿ ಹಾಕ್ರಿ, ಮುಗೀತು, ನಮಗ 250 ಕೊಡೋ ಜರೂರಿಲ್ಲ. ಹಿಂದ ತಯಾರಾದ ತಾರೀಖು ಬರದಿರ್ತದ, 10 ವರ್ಷ ಆಗಿದ್ರ ಸ್ವಚ್ಛ ಮಾಡಿ ಉಪಯೋಗ ಇಲ್ಲ, ಬದಲಿ ಮಾಡ್ರಿ.

ಅಮೆರಿಕಾದಿಂದ, ಸೌದಿಯಿಂದ ಮಕ್ಕಳು ತಂದುಕೊಟ್ಟ ಅಲಾರಂ ಕೆಲವರ ಮನಿಯಾಗ ಅವ, ಅವಕ್ಕೆ ನಾವು ಸರ್ವಿಸ್ ಮಾಡಲ್ಲ, ಸಿಟ್ಟಾಗಬ್ಯಾಡ್ರಿ. ಅವುಗಳಾಗ ಕೆಲವು ಬೆಳಕಿನವಲ್ಲ, ಒಳಗ ಅಮೆರಿಷಿಯಂ-241 ಅನ್ನೋ ವಿಕಿರಣದ ಚೂರು ಇರ್ತದ, ಒಂದು ಗ್ರಾಮಿನ ಹತ್ತು ಲಕ್ಷದಾಗ ಒಂದು ಪಾಲಿಗಿಂತಾ ಕಮ್ಮಿ. ಅದು ಎರಡು ತಗಡಿನ ನಡುವಿನ ಗಾಳಿಯಾಗ ಸಣ್ಣ ಕರೆಂಟ್ ಹರಿಸ್ತದ, ಹೊಗಿ ಬಂದ್ರ ಕರೆಂಟ್ ಇಳೀತದ, ಕೂಗ್ತದ. ಧಗ ಧಗ ಉರಿಯೋ ಬೆಂಕಿಗೆ ಅದು ಚುರುಕು, ಮೆಲ್ಲಕ ಹೊಗ್ಯಾಡೋ ಗಾದಿ, ಹತ್ತಿಗೆ ನಮ್ಮ ಬೆಳಕಿಂದು ಚುರುಕು. ಧೂಳ ಅದನ್ನೂ ಬಿಡಲ್ಲ. ಮುಚ್ಚಿದ್ದಾಗ ಮನಿಯವರಿಗೆ ತೊಂದ್ರಿ ಇಲ್ಲ, ಆದ್ರ ಅದನ್ನ ಒಡಿಯೋದು, ಸುಡೋದು ಮಾತ್ರ ಮಾಡಬ್ಯಾಡ್ರಿ. ಮತ್ತ ಅಮೆರಿಕಾದ್ದು ಕರೆಂಟಿಗೆ ಜೋಡಸೋದಿದ್ರ ಅದು 120 ವೋಲ್ಟಿಂದು, ನಮ್ಮ 230ಕ್ಕ ಹಚ್ಚಿದ್ರ ಸುಟ್ಟೇ ಹೋಗ್ತದ.

ಕಡೀಕ, ಈ ಪತ್ರ ಬರೀಲಿಕ್ಕೆ ಖರೇ ಕಾರಣ. ಹೋದ ವಾರ ಶಹಾಬಜಾರ್‌ನಾಗ ಒಂದ್ ಮನಿಗೆ ಇನ್ವರ್ಟರ್ ರಿಪೇರಿಗಂತ ಹೋಗಿದ್ವಿ. ಮ್ಯಾಲ ನೋಡಿದ್ರ ನಾವೇ ಹಾಕಿದ ಅಲಾರಂ, ಬಾಯಿ ತಕ್ಕೊಂಡು ಜೋತು ಬಿದ್ದದ, ಬ್ಯಾಟ್ರಿ ಇಲ್ಲ. "ಪೂಜಾದ ಹೊತ್ತಿಗೇ ಹೊಡ್ಕೊಳ್ತಿತ್ತು, ತಗದು ಟಿವಿ ರಿಮೋಟಿನ ಡಬ್ಬಿಯಾಗ ಇಟ್ಟೀನಿ" ಅಂದ್ರು ಆ ಮನಿ ಕಾಕಾ. ಕೆಳಗ ಅದೇ ಪಡಸಾಲಿಯಾಗ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ಹಚ್ಚಿದ್ರು, ಪಕ್ಕದ ಕೋಣಿಯಾಗ ಮೊಮ್ಮಕ್ಕಳು ಮಲ್ಕೋತಾರ. ಎಂಟು ತಿಂಗಳಿಂದ ಆ ಮನಿಗೆ ಅಲಾರಂ ಇದ್ದೂ ಇಲ್ಲ. ಅವತ್ತೇ ಏಣಿ ತರಿಸಿ ಜಾಳಿ ಸ್ವಚ್ಛ ಮಾಡಿ, ದೇವರ ಕೋಣಿ ಬಾಗಲದಿಂದ ಸರಿಸಿ, ಬ್ಯಾಟ್ರಿ ಹಾಕಿ ಬಂದೀವಿ, ಕಾಕಾ ಊದಿನಕಡ್ಡಿ ಹಚ್ಚಿ ತಾವೇ ನೋಡಿದ್ರು, ಕೂಗಲಿಲ್ಲ. ರೊಕ್ಕ ಕೊಡಾಕ ಬಂದ್ರು, ತಗೊಳಲಿಲ್ಲ.

ಇಂಥಾ ಮನಿ ಇನ್ನಾ ಎಷ್ಟವ ನಮಗ ಗೊತ್ತಿಲ್ಲ, ನಿಮಗ ಗೊತ್ತದ. ತ್ರಾಸಾಗಿ ಬ್ಯಾಟ್ರಿ ಕಿತ್ತಿಟ್ಟವರು ದೀಪಾವಳಿ ಮುಗಿಯೂತನಾ ಯಾವಾಗ ಬೇಕಾದ್ರೂ ಫೋನ್ ಮಾಡ್ರಿ, ಯಾವ ಊರಿರ್ಲಿ, ಎಷ್ಟು ವರ್ಷದ್ದಿರ್ಲಿ, ಈ ಒಂದ್ ಸಲ ಪೂರಾ ಫ್ರೀ ಬಂದು ಮಾಡಿಕೊಡ್ತೀವಿ, ಯಾಕ ಕಿತ್ತೀರಿ ಅಂತ ಒಂದ್ ಮಾತೂ ಕೇಳಲ್ಲ. ಬಿಲ್ ಬ್ಯಾಡ, ವಾರಂಟಿ ಕಾರ್ಡ್ ಬ್ಯಾಡ. ರಾತ್ರಿ ಫೋನ್ ಎತ್ತಲಿಕ್ಕೆ ಈಗ ಒಬ್ಬ ಹುಡುಗನ್ನ ಇಟ್ಟೀವಿ, ಬೆಳಗಿನ 6ರ ತನಕ ಇರ್ತಾನ. ಆದ್ರ ಖರೇನೇ ಹೊಗಿ ಕಂಡ್ರ ನಮಗ ಮಾಡಬ್ಯಾಡ್ರಿ, ಮೊದಲು ಮನಿ ಮಂದಿನ್ನ ಹೊರಗ ಕರ್ಕೊಂಡು 112ಕ್ಕ ಹೊಡೀರಿ.

ಮತ್ತ ಹಿರೇರು ಯಾರೂ ಸ್ಟೂಲ್ ಹತ್ತಬ್ಯಾಡ್ರಿ, ಏಣಿ ನಾವೇ ತರ್ತೀವಿ.

ನಿಮ್ಮ ಸೂಪರ್ ಮಾರ್ಕೆಟ್ ಅಂಗಡಿಯವರು