ನಮ್ಮ ಮನ್ಯಾಗ ಯಾರಿಗೂ ಇಲ್ಲ ಅಂದದ್ದು

ಬ್ಯಾಡಗಿ,
ಮಂಗಳವಾರ ರಾತ್ರಿ

ಚಿರಂಜೀವಿ ಮಗಳಿಗೆ ಅವ್ವ ಮಾಡೋ ಆಶೀರ್ವಾದ.

ಮೊನ್ನೆ ಫೋನಿನ್ಯಾಗ ನೀ ಕೇಳಿದ ಒಂದು ಮಾತಿಗೆ ನಾ ತಪ್ಪು ಉತ್ತರ ಕೊಟ್ಟೀನಿ. "ಡಾಕ್ಟರು ಕೇಳ್ಯಾರವ್ವಾ, ನಮ್ಮ ಮನ್ಯಾಗ ಯಾರಿಗರೆ ಕ್ಯಾನ್ಸರ್ ಆಗಿತ್ತೇನು?" ಅಂದಿ. "ಯಾರಿಗೂ ಇಲ್ಲ ತಂಗಿ, ಸುಮ್ಮನ ಮಲಕೋ" ಅಂದು ಫೋನ್ ಇಟ್ಟೆ. ನಿಮ್ಮಪ್ಪ ಅಲ್ಲೇ ಉಣ್ಣಾಕತ್ತಿದ್ರು. ಕೈಯಾಗಿನ ತುತ್ತು ಹಂಗ ಹಿಡಕೊಂಡು ನನ್ನ ಮಾರಿ ನೋಡಿದ್ರು. ಇಬ್ಬರೂ ಏನೂ ಮಾತಾಡಲಿಲ್ಲ. ಆ ಉತ್ತರ ತಿದ್ದಾಕ ಈ ಕಾಗದ. ಫೋನಿನ್ಯಾಗ ಹೇಳಾಕ ಹೋದ್ರ ನಾ ಅಳತೀನಿ, ನೀನೂ ಅಳತಿ.

ಮೊದಲು ನಿನ್ನ ಅಂಡಾಶಯದಾಗ ಕಂಡ ಸಿಸ್ಟಿಂದು, ಅಂದ್ರ ಆ ನೀರಿನ ಗುಳ್ಳಿದು, ಮುಗಿಸ್ತೀನಿ, ಯಾಕಂದ್ರ ಅದು ಸಣ್ಣ ಮಾತು. ನೀ ಕಳಿಸಿದ ರಿಪೋರ್ಟಿನ ಫೋಟೋ ಹಿಡಕೊಂಡು ಇವತ್ತ ಹಾವೇರಿಗೆ ಹೋಗಿ, ನನಗ ಗುರ್ತಿನ ಡಾಕ್ಟರಬಾಯಾರಿಗೆ ತೋರಿಸಿ ಬಂದೆ. ನೀ 'ಸಿಸ್ಟ್' ಅನ್ನೋ ಒಂದ ಶಬ್ದ ಹಿಡಕೊಂಡು ಬೆಳತನಕ ಮೊಬೈಲ್ ತಿಕ್ಕಿ ಅತ್ತಿ. ಅವರು ಆ ಶಬ್ದ ದಾಟಿ ಮುಂದಿನ ಸಾಲು ಓದಿದ್ರು: 'ಸಿಂಪಲ್', 'ಥಿನ್ ವಾಲ್', 'ಅನೆಕೋಯಿಕ್', 'ನೋ ಸೆಪ್ಟೇಶನ್', 'ನೋ ಸಾಲಿಡ್ ಕಾಂಪೋನೆಂಟ್'. ಅಂದ್ರ ಗೋಡಿ ತೆಳ್ಳಗ ಐತಿ, ಒಳಗ ಬರೇ ತಿಳಿ ನೀರು, ನಡುವ ಪಡದಿ ಇಲ್ಲ, ಗಟ್ಟಿ ಗಂಟು ಇಲ್ಲ. ಓದಿ ಮುಗಿಸಿ, "ಹುಡುಗಿ ಊಟಾ ಮಾಡ್ಯಾಳೋ ಇಲ್ಲೋ?" ಅಂತ ಕೇಳಿದ್ರು. ಅಷ್ಟ ಅವರ ಚಿಂತಿ.

ತಿಂಗಳಾ ತತ್ತಿ ಬೆಳಿಯೋದ ಒಂದು ನೀರಿನ ಗುಳ್ಳಿಯೊಳಗಂತ. ಎರಡು ಸೆಂಟಿಮೀಟರಿನ ಆಸುಪಾಸು ಆದಾಗ ಗುಳ್ಳಿ ಒಡದು ತತ್ತಿ ಹೊರಗ ಬರತೈತಿ. ಒಂದೊಂದು ತಿಂಗಳು ಒಡಿಯೂದಿಲ್ಲ, ನೀರು ತುಂಬಕೋತ ಹೋಗತೈತಿ. ಇಲ್ಲಾ, ಒಡದ ಜಾಗಾ ಮುಚ್ಚಿಕೊಂಡು ಅದರಾಗ ನೀರೋ ರಕ್ತನೋ ನಿಲ್ಲತೈತಿ. ಮುಟ್ಟಾಗೋ ವಯಸ್ಸಿನಾಗ ಕಾಣೋ ಸಿಸ್ಟು ಹೆಚ್ಚಿನಂಶ ಇಂಥಾವ. ಎರಡ್ಮೂರು ಮುಟ್ಟು ಕಳಿಯೂದ್ರಾಗ ತಾವ ಕರಗತಾವ. ನಿಂದು 4.6 ಸೆಂಟಿಮೀಟರ್. ಐದರ ಒಳಗಿನ ಇಂಥಾ ನೀರಿನ ಸಿಸ್ಟಿಗೆ ಎಷ್ಟೋ ಕಡೆ ಎರಡನೇ ಸ್ಕ್ಯಾನ್ ಸೈತ ಹೇಳೂದಿಲ್ಲ. ಐದರಿಂದ ಏಳು ಇದ್ರ ವರ್ಷಕ್ಕೊಮ್ಮೆ ನೋಡತಾರ, ಏಳು ದಾಟಿದ್ರ ಎಂಆರ್‌ಐ, ಆಪರೇಶನ್ ಮಾತು ಬರತೈತಿ. ನಿಮ್ಮ ಡಾಕ್ಟರು ಮೂರು ತಿಂಗಳಿಗೆ ಬಾ ಅಂದಾರಲ್ಲ, ಹೋಗು. ಆದ್ರ ಮುಟ್ಟು ಮುಗದ ಮ್ಯಾಲಿನ ವಾರದಾಗ ಹೋಗು. ತಡಾ ಮಾಡಿದ್ರ ಆ ತಿಂಗಳಿನ ಹೊಸಾ ಗುಳ್ಳಿನ ಕಂಡು ಮತ್ತ ಒಂದು ರಾತ್ರಿ ಅಳತಿ.

ನಿನ್ನ ರೂಮಿನ ಗೆಳತಿ ಪಿಸಿಓಡಿನೂ ಇದೂ ಒಂದ ಅಂದ್ಲಂತಲ್ಲ, ಅಲ್ಲ. ಅದರಾಗ ಬಲಿಯದ ಸಣ್ಣ ಸಣ್ಣ ಗುಳ್ಳಿ ಸಾಲಾಗಿ ನಿಂತಿರತಾವ, ಅದು ಹಾರ್ಮೋನಿನ ತ್ರಾಸು. ಆಕಿ ಹೇಳಿದ ಕರಗಿಸೋ ಗುಳಿಗಿನೂ ಬ್ಯಾಡ. ಮುಟ್ಟಿನ ಹಾರ್ಮೋನ್ ಗುಳಿಗಿ ಹೊಸಾ ಗುಳ್ಳಿ ಏಳದಂಗ ತಡೀಬಹುದು, ಇದ್ದದ್ದನ್ನ ಲಗೂನ ಕರಗಿಸೂದಿಲ್ಲ.

ಸ್ಕ್ಯಾನಿಂಗ್ ಸೆಂಟರಿನಾಗ ಹೊಟ್ಟಿ ತುಂಬ ನೀರು ಕುಡಿಸಿ, 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಅನ್ನೋ ಬೋರ್ಡಿನ ಬುಡಕ ತಾಸುಗಟ್ಟಲೆ ಕೂಡಿಸಿದ್ರು, ಎಲ್ಲಾರೂ ಲಗ್ನ ಆಗಿಲ್ಲದ ನನ್ನ ಕೊಳ್ಳಾಗ ತಾಳಿ ಐತೇನಂತ ನೋಡಿದ್ರು ಅಂದಿ. ನೋಡಲಿ ಬಿಡು. ಹೊಟ್ಟಿ ಮ್ಯಾಲಿಂದ ಸ್ಕ್ಯಾನ್ ಮಾಡಬೇಕಂದ್ರ ಮೂತ್ರದ ಚೀಲ ತುಂಬಿರಬೇಕು, ಆವಾಗ ಅದರ ಹಿಂದಿನ ಅಂಡಾಶಯ ನೆಟ್ಟಗ ಕಾಣತೈತಿ. ನೀರು ಕುಡಿಸಿದ್ದು ಅದಕ್ಕ.

ಇನ್ನ ನನ್ನ ಕಥಿ. ನನ್ನ ಹೊಟ್ಟಿ ಮ್ಯಾಲಿನ ಗೀರು ಮುಟ್ಟಿ ನೀ ಸಣ್ಣಾಕಿದ್ದಾಗ ಕೇಳತಿದ್ದಿ. "ಅಲ್ಲಿಂದ ನಿನ್ನ ತಗದಾರ" ಅಂತ ಹೇಳತಿದ್ದೆ. ಅದೂ ಸುಳ್ಳ. 1999ರ ಫೆಬ್ರವರಿ, ಮೆಣಸಿನಕಾಯಿ ಸುಗ್ಗಿ, ಲಗ್ನಾಗಿ ಒಂದು ವರ್ಷ ಆಗಿತ್ತು. ಅಂಗಳದಾಗ ತೊಟ್ಟು ಬಿಡಿಸಿಕೋತ ಕುಂತಾಕಿಗೆ ಬಲಗಡಿ ಕೆಳಹೊಟ್ಟ್ಯಾಗ ಯಾರೋ ಚೂರಿ ಹಾಕಿ ತಿರುವಿದಂಗ ಆತು. ಮ್ಯಾಲ ವಾಂತಿ. ನಿಮ್ಮಾಯಿಗೆ ಮೊದಲು ಖುಷಿ! ಸೊಸಿ ಬಸರಾಗ್ಯಾಳ ಅಂತ ಬೆಲ್ಲ ತಂದು ಬಾಯಾಗಿಟ್ರು. ಸಂಜೀಕ ನಾ ಮಾತಾಡೋದು ಬಿಟ್ಟ ಮ್ಯಾಲ ಟೆಂಪೋದಾಗ ಹಾಕ್ಕೊಂಡು ಹುಬ್ಬಳ್ಳಿ ಕಿಮ್ಸಿಗೆ ಒಯ್ದ್ರು, ಆವಾಗ ಮಂದಿ ಅದಕ್ಕ ಕೆಎಂಸಿ ಅಂತಿದ್ರು. ರಾತ್ರಿನ ಆಪರೇಶನ್. ಸಿಸ್ಟಿನ ಭಾರಕ್ಕ ಅಂಡಾಶಯ ತನ್ನ ದೇಟಿನ ಮ್ಯಾಲ ತಿರುವಿಕೊಂಡು, ರಕ್ತ ಹೋಗೋದು ನಿಂತು, ಕರ್ರಗಾಗಿತ್ತು. ತಗದ್ರು.

ತಗದದ್ದನ್ನ ಟ್ರೇದಾಗ ತಂದು ನಿಮ್ಮಪ್ಪಗ ತೋರಿಸಿದ್ರಂತ. ಒಳಗ ಕೂದಲದ ಉಂಡಿ, ಜಿಡ್ಡು, ಮತ್ತ ಒಂದು ಹಲ್ಲು. ನಿಮ್ಮಪ್ಪ ಅಲ್ಲೇ ಗ್ವಾಡಿ ಹಿಡಕೊಂಡು ಕುಂತ್ರಂತ. ಊರಾಗ ಸುದ್ದಿ ಏನಾತು ಅನ್ನೋದು ನಿನಗ ಹೇಳಬೇಕಾಗಿಲ್ಲ. ಯಾರೋ ಮಾಟಾ ಮಾಡಿಸ್ಯಾರ, ನಿಂಬಿಹಣ್ಣು ದಾಟ್ಯಾಳ. ಆರು ತಿಂಗಳು ನನ್ನ ಕೈಲೆ ಯಾರೂ ನೀರು ತಗೊಳ್ಳಲಿಲ್ಲ. ಆ ಗಡ್ಡಿಗೆ ಡರ್ಮಾಯ್ಡ್ ಅಂತಾರ. ತತ್ತಿ ಆಗೋ ಜೀವಕೋಶಕ್ಕ ಚರ್ಮ, ಕೂದಲ, ಹಲ್ಲು ಎಲ್ಲಾನೂ ಮಾಡೋ ಶಕ್ತಿ ಇರತೈತಿ. ಅದು ದಾರಿ ತಪ್ಪಿ ಅಲ್ಲೇ ಕೆಲಸ ಚಾಲೂ ಮಾಡಿದ್ರ ಹಿಂಗ. ಹರೇದ ಹೆಣ್ಮಕ್ಕಳಿಗೆ ಆಗೋ ಸಾಧಾ ಗಡ್ಡಿ ಅದು. ನೂರರಾಗ ಒಂದೋ ಎರಡೋ ಕ್ಯಾನ್ಸರಿಗೆ ತಿರಗತಾವ, ಅದೂ ಹೆಚ್ಚಾಗಿ ವಯಸ್ಸಾದ ಮ್ಯಾಲ. ಈಗಿನಂಗಿದ್ರ ಹೊಟ್ಟಿಗೆ ಸಣ್ಣ ತೂತು ಮಾಡಿ ದುರ್ಬೀನಿಲೆ ಬರೇ ಸಿಸ್ಟ್ ತಗದು ಅಂಡಾಶಯ ಉಳಸತಿದ್ರು. ತಿರುವಿ ಕಪ್ಪಾಗಿದ್ರೂ ಬಿಚ್ಚಿ ಬಿಟ್ರ ಎಷ್ಟೋ ಸಲ ಮತ್ತ ಜೀವಾ ಹಿಡೀತೈತಂತ.

ಉಳದ ಒಂದರಿಂದ 2001ರಾಗ ನೀ ಬಂದಿ. ಮಕ್ಕಳಾಗ್ತಾವೋ ಇಲ್ಲೋ ಅಂತ ನೀ ಕೇಳಾಕ ನಾಚಿಕೊಂಡಿ, ಅದಕ್ಕ ಹೇಳಿದೆ.

ಈ ಕಥಿಯಿಂದ ನೀ ಇಟ್ಟುಕೋಬೇಕಾದದ್ದು ಒಂದ: ಒಮ್ಮಿಂದೊಮ್ಮೆಲೆ ಒಂದು ಮಗ್ಗಲಿಗೆ ತಾಳಲಾರದಂಥಾ ಬ್ಯಾನಿ, ಜೊತಿಗೆ ವಾಂತಿ, ಇಲ್ಲಾ ಚಕ್ಕರ್ ಬಂದು ಬೀಳೂವಂಗಾದ್ರ, ಮುಂಜಾನೆತನಕ ದಾರಿ ಕಾಯಬ್ಯಾಡ. ಓಲಾನೋ ಆಟೋನೋ ಹಿಡದು ತುರ್ತು ವಿಭಾಗಕ್ಕ ಹೋಗು, ಆಮ್ಯಾಲ ನನಗ ಫೋನ್ ಮಾಡು. ಅದು ಕ್ಯಾನ್ಸರಿನ ಮಾತಲ್ಲ, ತಾಸಿನ ಲೆಕ್ಕದ ಮಾತು.

ಇನ್ನ ಗದಗಿನ ಅತ್ತಿ, ನಿಮ್ಮಪ್ಪನ ಒಡಹುಟ್ಟಿದಾಕಿ.

ನಿನಗ ನೆನಪಿರಬೇಕು. ನೀ ಐದನೇತ್ತಾ ಇದ್ದಿ. "ಅತ್ತಿ ಹೊಟ್ಟ್ಯಾಗ ನೀರು ತುಂಬಿ ಹ್ವಾದ್ಲು" ಅಂತ ಹೇಳಿದ್ವಿ. ನೀರು ತುಂಬಿದ್ದು ಖರೆ. ಯಾಕ ತುಂಬಿತು ಅನ್ನೋದು ಹೇಳಲಿಲ್ಲ. ಆಕಿಗೆ ಅಂಡಾಶಯದ ಕ್ಯಾನ್ಸರ್ ಆಗಿತ್ತು.

ಆಕಿಗೆ 54. ಮುಟ್ಟು ನಿಂತು ನಾಕು ವರ್ಷಾಗಿತ್ತು. ನಮ್ಮ ಮನಿಗೆ ಬಂದಾಗ ಅರ್ಧಾ ರೊಟ್ಟಿ ತಿಂದು "ಹೊಟ್ಟಿ ತುಂಬಿತು ವೈನಿ" ಅಂದ್ಲು. ಎರಡು ರೊಟ್ಟಿ ಮುರಿಯೋ ಹೆಣಮಗಳು. ಸೀರಿ ನೆರಗಿ ಬಿಗಿ ಆಗತಾವ ಅಂತಿದ್ಲು, ಕೈಕಾಲು ನೋಡಿದ್ರ ಸಣ್ಣಗಾಗಿದ್ವು. ರಾತ್ರಿ ನಾಕೈದು ಸಲ ಏಳತಿದ್ಲು. ನಾ ಏನಂದೆ ಗೊತ್ತೈತಿ? "ಗ್ಯಾಸು, ಅಜವಾನ ತಿನ್ನು." ಅಲ್ಲಿ ಒಬ್ಬ ಡಾಕ್ಟರೂ ಗ್ಯಾಸಿನ ಗುಳಿಗಿನ ಕೊಟ್ಟಿದ್ರು. ಏಳು ತಿಂಗಳು ಹಂಗ ಹೋತು. ನನ್ನ ಗಡ್ಡಿ ಹಲ್ಲು ತೋರಿಸಿ ಊರಿಗೂರ ಅಂಜಿಸಿತು, ಆಕಿದು ಯಾರಿಗೂ ಅಂಜಿಕಿ ಹುಟ್ಟಿಸಲಿಲ್ಲ. ಈಗ ಯಾವ ಹೆಂಗಸರು ನನ್ನ ಮುಂದ, ವಯಸ್ಸು ಐವತ್ತು ದಾಟಿದ ಮ್ಯಾಲ ಹೊಸದಾಗಿ ದಿನಾ ಹೊಟ್ಟಿ ಉಬ್ಬರ, ಲಗೂನ ಹೊಟ್ಟಿ ತುಂಬತೈತಿ, ಘಳಿಗಿಗೊಮ್ಮೆ ಮೂತ್ರ ಅಂದ್ರೂ ನಾ ಬಿಡೂದಿಲ್ಲ, ಸ್ಕ್ಯಾನಿಗೆ ಕಳಸತೀನಿ. ಓಣ್ಯಾಗ ನನಗ 'ಸ್ಕ್ಯಾನ್ ಶಾಣ್ಯಾಕಿ' ಅಂತಾರ, ಅನ್ನಲಿ.

ಆಕಿ ರಿಪೋರ್ಟು ನಿನ್ನ ರಿಪೋರ್ಟಿಗೆ ತದ್ವಿರುದ್ಧ. ಎರಡೂ ಕಡೆ ಗಡ್ಡಿ. ಒಳಗ ದಪ್ಪ ಪಡದಿ, ಗಟ್ಟಿ ಭಾಗ, ಗೋಡಿಯಿಂದ ಒಳಗ ಹೂಕೋಸಿನಂಗ ಚಾಚಿದ ಮೊಳಕಿ, ಅದರಾಗ ರಕ್ತದ ಓಡಾಟ, ಹೊಟ್ಟ್ಯಾಗ ನೀರು. ಸಿಎ-125 ಅನ್ನೋ ರಕ್ತ ಪರೀಕ್ಷಾದಾಗ 640 ಬಂದಿತ್ತು, 35ರ ಒಳಗ ಇರಬೇಕಾದದ್ದು. ಇವತ್ತ ಡಾಕ್ಟರಬಾಯಾರು ಹಾಳ್ಯಾಗ ಲೆಕ್ಕಾ ಹಾಕಿ ತೋರಿಸಿದ್ರು. ಸ್ಕ್ಯಾನಿನಾಗ ಕೆಟ್ಟ ಗುರ್ತು ಎರಡು ಅಥವಾ ಹೆಚ್ಚಿದ್ರ 3, ಮುಟ್ಟು ನಿಂತಿದ್ರ 3, ಅದಕ್ಕ ಸಿಎ-125 ಗುಣಿಸಬೇಕು. 3 × 3 × 640, ಒಟ್ಟು 5760. ಇನ್ನೂರು ದಾಟಿದ್ರನ ಕ್ಯಾನ್ಸರ್ ಆಪರೇಶನ್ ಮಾಡೋ ಡಾಕ್ಟರ ಕಡೆ ಕಳಸತಾರ.

ಹಂಗಂತ ನೀ ನಾಳೆ ಲ್ಯಾಬಿಗೆ ಹೋಗಿ ಸಿಎ-125 ಮಾಡಿಸಬ್ಯಾಡ. ನಿಮ್ಮ ಚಿಗವ್ವಗ ಅದು 94 ಬಂದು ಮನ್ಯಾಗ ಒಲಿ ಹಚ್ಚಲಿಲ್ಲ ಎರಡು ದಿನ. ಆಕಿಗಿದ್ದದ್ದು ಚಾಕಲೇಟ್ ಸಿಸ್ಟ್, ಮುಟ್ಟಿನ ರಕ್ತ ಅಂಡಾಶಯದಾಗ ಕಟ್ಟಿದ್ದು. ಆ ಅಂಕಿ ಮುಟ್ಟಾದಾಗ ಏರತೈತಿ, ಬಸರಿದ್ದಾಗ ಏರತೈತಿ, ಫೈಬ್ರಾಯ್ಡ್ ಅನ್ನೋ ಗರ್ಭಚೀಲದ ಗಡ್ಡಿಗೆ, ಹೊಟ್ಟಿ ಟಿಬಿಗೂ ಏರತೈತಿ. ಟಿಬಿ ಅಂತೂ ನೀರು ತುಂಬಿಸಿ ಥೇಟ್ ಕ್ಯಾನ್ಸರಿನಂಗ ವೇಷಾ ಹಾಕತೈತಂತ. ಇತ್ತಾಗ ಖರೆ ಕ್ಯಾನ್ಸರು ಚಾಲೂ ಆದಾಗ ಅರ್ಧಕ್ಕರ್ಧ ಮಂದಿಗೆ ಅದು ಏರೂದ ಇಲ್ಲ. ನಿನ್ನ ವಯಸ್ಸಿನಾಗ ಸ್ಕ್ಯಾನಿನಾಗ ಗಟ್ಟಿ ಭಾಗ ಕಂಡ್ರ ಬ್ಯಾರೆ ರಕ್ತ ಪರೀಕ್ಷಾ ಮಾಡಸತಾರ, ಎಎಫ್‌ಪಿ, ಎಲ್‌ಡಿಎಚ್, ಎಚ್‌ಸಿಜಿ ಅಂತ. ನಿನಗ ಅದು ಬೇಕಾಗಿಲ್ಲ.

ನಿಮ್ಮಪ್ಪ ಆವಾಗ ಒಂದು ಮಾತು ಕೇಳಿದ್ರು, ಮೆಣಸಿನಕಾಯಿ ವ್ಯಾಪಾರದವರು ಕೇಳೋದ ಅದನ್ನ: "ಸೂಜಿ ಹಾಕಿ ಒಂಚೂರು ತಗದು ನೋಡಾಕ ಬರೂದಿಲ್ಲೇನ್ರೀ?" ಬಣ್ಣಾ ನೋಡಿ ಮೋಸಾ ಹೋಗಬಾರದಂತ ಕಾಯಿ ಮುರದು ಬೂಸಲಾ ಐತೇನು ನೋಡೋ ಮನಷ್ಯಾ. ಅಂಡಾಶಯದ ಗಡ್ಡಿ ಹಂಗ ಮುರದು ನೋಡೂವಂಥಾದ್ದಲ್ಲ. ಕ್ಯಾನ್ಸರಿದ್ರ, ಚುಚ್ಚಿದ ತೂತಿನಿಂದ ಒಳಗಿಂದು ಹೊಟ್ಟಿ ತುಂಬ ಚೆಲ್ಲತೈತಿ. ಚೀಲದಾಗ ಇದ್ದ ರೋಗ ಚೀಲ ಹರದ ಕೂಡ್ಲೆ ಸ್ಟೇಜ್ ಏರತೈತಿ. ಅದಕ್ಕ ಅನುಮಾನ ಇದ್ದದ್ದನ್ನ ಇಡಿಯಾಗಿ ತಗದು ಪರೀಕ್ಷಾಕ್ಕ ಕಳಸತಾರ. ಯಾರರೆ ನಿನಗ "ಸೂಜೀಲೆ ನೀರು ತಗದು ಬಿಡೂಣು" ಅಂದ್ರ ಎದ್ದು ಬಾ, ಮತ್ತೊಬ್ಬರಿಗೆ ತೋರಿಸು.

ಅತ್ತಿದು ಆ ಹೊತ್ತಿಗೆ ಹೊಟ್ಟಿ ತುಂಬ ಹಬ್ಬಿತ್ತು, ಮೊದಲಿಗೆ ಆಪರೇಶನ್ ಸಾಧ್ಯ ಇರಲಿಲ್ಲ. ಅದಕ್ಕ ಮೊದಲು ಹೊಟ್ಟ್ಯಾಗಿನ ನೀರು ತಗದು ಅದರ ಮ್ಯಾಲ ಪರೀಕ್ಷಾ ಮಾಡಿದ್ರು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ದವಾಖಾನ್ಯಾಗ ಮೂರು ಕಿಮೋ, ಆಪರೇಶನ್, ಮತ್ತ ಮೂರು ಕಿಮೋ. ಕೂದಲ ಹೋದಾಗ ಸೆರಗು ಹೊಚಕೊಂಡು ನಗತಿದ್ಲು. ಎರಡು ವರ್ಷಕ್ಕ ಒಂದು ತಿಂಗಳು ಕಡಿಮಿ ಬದುಕಿದ್ಲು.

ನಾ 'ಯಾರಿಗೂ ಇಲ್ಲ' ಅಂದದ್ದು ಪೂರಾ ಸುಳ್ಳ ಹೇಳಬೇಕಂತಲ್ಲ ತಂಗಿ. ಗಂಡನ ಮನಿ ಕಡೀದು ನಿನಗ ಬರೂದಿಲ್ಲ, ಹೆಂಗಸರ ರೋಗ ತಾಯಿ ಕಡೆಯಿಂದ ಬರತೈತಿ ಅಂತ ತಿಳದಿದ್ದೆ. ಇವತ್ತ ಡಾಕ್ಟರಬಾಯಾರು ನಕ್ಕು, "ನೀವು ಆಕಿನ್ನ ಒಬ್ಬರ ಹಡದೀರೇನ್ರೀ?" ಅಂದ್ರು. ಬಿಆರ್‌ಸಿಎ ಅಂತ ಎರಡು ಜೀನು ಅದಾವಂತ, ಕೆಟ್ಟ್ರ ಮೊಲಿ ಕ್ಯಾನ್ಸರು, ಅಂಡಾಶಯದ ಕ್ಯಾನ್ಸರು ಎರಡಕ್ಕೂ ದಾರಿ. ಅವು ತಂದಿಯಿಂದನೂ ಬರತಾವ. ಅತ್ತಿಗೆ ಬಂದಂಥಾ ಕ್ಯಾನ್ಸರಾದ ಎಲ್ಲಾ ಹೆಂಗಸರಿಗೂ ಈಗ ಆ ಪರೀಕ್ಷಾ ಹೇಳತಾರ, ಆಕಿಗೆ ಆವಾಗ ಮಾಡಿರಲಿಲ್ಲ. ಇಂಥಾ ಹತ್ತು ಮಂದ್ಯಾಗ ಒಬ್ಬರಿಗೋ ಇಬ್ಬರಿಗೋ ಅಷ್ಟ ಜೀನು ಕಾರಣ ಇರತೈತಿ. ಆಕಿಗೆ ಇತ್ತು ಅಂತ ಹಿಡಿದ್ರೂ ನಿಮ್ಮಪ್ಪಗ ಇರೋದು ಅರ್ಧಾ ಪಾಲು, ನಿನಗ ಕಾಲು ಪಾಲು. ನಿನ್ನ ಈ ನೀರಿನ ಗುಳ್ಳಿಗೂ ಅದಕ್ಕೂ ಸಂಬಂಧ ಇಲ್ಲ. ಆದ್ರ ನಿನ್ನ ಡಾಕ್ಟರ ಫೈಲಿನಾಗ 'ಇಲ್ಲ' ಅಂತ ಬರದಿದ್ದು ಹಂಗ ಉಳೀಬಾರದು.

ಮುಚ್ಚಿಟ್ಟದ್ದು ಯಾಕಂದ್ರ ನಿನ್ನ ಲಗ್ನಕ್ಕ. "ಆ ಮನ್ಯಾಗ ಕ್ಯಾನ್ಸರ್ ಐತಿ" ಅಂತ ಒಂದು ಮಾತು ಹೊರಗ ಬಿದ್ರ ಸಂಬಂಧ ಬರೂದಿಲ್ಲ ಅಂತ ನಿಮ್ಮಪ್ಪ ಒಡಹುಟ್ಟಿದಾಕಿ ರೋಗದ ಹೆಸರು ಒಮ್ಮೆಯೂ ಬಾಯಾಗ ತಂದಿಲ್ಲ. ಇವತ್ತ ಹಾವೇರಿಯಿಂದ ಬರೂವಾಗ ಬಸ್ಸಿನಾಗ ಎಲ್ಲಾ ಹೇಳಿದೆ. ಕಾಗಿನೆಲೆ ಕ್ರಾಸ್ ದಾಟೂತನಕ ಸುಮ್ಮನಿದ್ರು. ಆಮ್ಯಾಲ, "ಮೊದಲು ನನ್ನ ರಕ್ತ ಕೊಡತೀನಿ, ಆಕಿದು ಬ್ಯಾಡ" ಅಂದ್ರು. ಡಾಕ್ಟರಬಾಯಾರೂ ಅದನ್ನ ಹೇಳಿದ್ರು. ರೋಗ ಆದಾಕಿ ಇಲ್ಲದಾಗ ಆಕಿ ಒಡಹುಟ್ಟಿದವರಿಂದ ಚಾಲೂ ಮಾಡೋದು. ಅವರಲ್ಲಿ ಇರಲಿಲ್ಲ ಅಂದ್ರ ನೀ ಆ ಪರೀಕ್ಷಾಕ್ಕ ಹೋಗೋ ಕಾರಣನ ಇಲ್ಲ. ಇತ್ತು ಅಂದ್ರ, ಏನು ಮಾಡಬೇಕು ಅಂತ ಕುಂತು ಹೇಳೋ ತಜ್ಞರು ಅದಾರ, ಮೂವರೂ ಕೂಡಿ ಹೋಗೂಣು. ಮುಂದಿನ ವಾರ ಹುಬ್ಬಳ್ಳಿಗೆ ಹೊಂಟೀವಿ.

ಶನಿವಾರದ ಬಸ್ಸಿಗೆ ಡಬ್ಬಿ ಇಡತೀನಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಕಿಲೋ ಖಾರದ ಪುಡಿ, ಈ ವರ್ಷದ್ದು ಬಣ್ಣಾ ಭಾಳ ಚಲೋ ಐತಿ. ಪುಡಿ ಚೀಲದ ಬುಡಕ ಪ್ಲಾಸ್ಟಿಕ್ ಕವರಿನಾಗ ಅತ್ತಿ ಬಯಾಪ್ಸಿ ರಿಪೋರ್ಟಿನ ಝೆರಾಕ್ಸ್ ಐತಿ. ಅದನ್ನ ನಿಮ್ಮ ಡಾಕ್ಟರಿಗೆ ತೋರಿಸು. ಮ್ಯಾಲ ಕೆಂಪು ಪೆನ್ನಿಲೆ ಗೆರಿ ಎಳದವರು ನಿಮ್ಮಪ್ಪ. ಅಂಗಡಿ ಖಾತೆದಾಗ ಬಾಕಿ ಉಳದವರ ಹೆಸರಿನ ಬುಡಕ ಎಳದಂಗ, ಎರಡೆರಡು ಸಲ ಎಳದಾರ.

ನಿನ್ನ ಅವ್ವ