ಒಡ್ಡು ಹಾಕಿದರು, ಕೋಡಿ ಮರೆತರು

ಮಾನ್ಯ ಸಂಪಾದಕರೇ,

ಹುನಗುಂದ ತಾಲ್ಲೂಕಿನ ನಮ್ಮ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ಜಲಾನಯನ ಯೋಜನೆಯಡಿ ಹಾಕಿದ ಒಡ್ಡುಗಳು ಒಂದೊಂದಾಗಿ ಒಡೆಯುತ್ತಿವೆ. ಯಂತ್ರ ತಂದು ಮಣ್ಣು ಏರಿಸಿದರು, ಅಳತೆ ಬರೆದುಕೊಂಡರು, ಫೋಟೊ ತೆಗೆದರು. ಹೆಚ್ಚಾದ ನೀರು ಹೊರಹೋಗಲು ಕಲ್ಲಿನ ಕೋಡಿಯನ್ನು ಮಾತ್ರ ಬಹಳ ಕಡೆ ಕಟ್ಟಲಿಲ್ಲ. ಕೇಳಿದರೆ ಅಂದಾಜುಪಟ್ಟಿಯಲ್ಲಿ ಇಲ್ಲವಂತೆ.

ಎರೆಮಣ್ಣಿನ ಗುಣ ಬಲ್ಲವರು ಹೀಗೆ ಮಾಡುವುದಿಲ್ಲ. ಬೇಸಿಗೆಯಲ್ಲಿ ಅದು ಕೈ ಇಳಿಯುವಷ್ಟು ಬಿರಿಯುತ್ತದೆ, ಒಡ್ಡೂ ಬಿರಿಯುತ್ತದೆ. ಮೊದಲ ದೊಡ್ಡ ಮಳೆಯ ನೀರು ಆ ಬಿರುಕಿಗೇ ನುಗ್ಗುತ್ತದೆ. ಮಣ್ಣು ನೆನೆದು ಉಬ್ಬಿದ ಮೇಲೆ ನೀರು ಇಂಗುವುದು ತೀರಾ ನಿಧಾನ, ಒಡ್ಡಿನ ಬೆನ್ನಿಗೆ ನಿಂತೇ ಇರುತ್ತದೆ. ಕಳೆದ ಹಿಂಗಾರು ಬಿತ್ತನೆಗೆ ಮುಂಚೆ ನನ್ನ ಹೊಲದ ಮೇಲಿನ ಒಡ್ಡು ಒಡೆದು, ಆ ರಭಸಕ್ಕೆ ಕೆಳಗಿನ ಎರಡೂ ಕಿತ್ತುಹೋದವು. ಬಿಳಿಜೋಳಕ್ಕೆಂದು ಹದ ಮಾಡಿಟ್ಟಿದ್ದ ಮಣ್ಣು ಹಳ್ಳ ಸೇರಿತು. ಹಳ್ಳದ ಚೆಕ್ ಡ್ಯಾಂ ಹೂಳು ತುಂಬಿ ಈಗ ದನ ದಾಟುವ ಹಾದಿಯಾಗಿದೆ.

ಒಡ್ಡಿಗೆ ಕೋಡಿ ಕಟ್ಟುವುದು ನಮ್ಮ ಭಾಗಕ್ಕೆ ಹೊಸ ವಿದ್ಯೆಯೇನಲ್ಲ. ಹಿರಿಯರು ಕಟ್ಟಿದ ಎತ್ತರದ ಒಡ್ಡು, ಕಲ್ಲಿನ ಕೋಡಿಗಳು ತಾಲ್ಲೂಕಿನಲ್ಲಿ ಇನ್ನೂ ಗಟ್ಟಿಯಾಗಿವೆ. ಮಳೆ ಕೈಕೊಟ್ಟ ವರ್ಷವೂ ಆ ಹೊಲಗಳಲ್ಲಿ ಜೋಳ, ಕಡಲೆ ಅಷ್ಟಿಷ್ಟಾದರೂ ಕೈಗೆ ಹತ್ತುತ್ತವೆ. ಹಿಂಗಾರಿಗೆ ಮೊದಲು ಚೌಕುಮಡಿ (ಸಣ್ಣ ಬದುಗಳಿಂದ ಹೊಲವನ್ನು ಚೌಕ ಚೌಕವಾಗಿ ವಿಂಗಡಿಸುವುದು) ಮಾಡಿ ಮಳೆನೀರು ಹಿಡಿಯಿರಿ ಎಂದು ವಿಜಯಪುರದ ಕೃಷಿ ಸಂಶೋಧನಾ ಕೇಂದ್ರ ಹೇಳುತ್ತಲೇ ಬಂದಿದೆ. ಅದಕ್ಕೆ ದೊಡ್ಡ ಯಂತ್ರ ಬೇಡ, ದೊಡ್ಡ ಬಿಲ್ಲೂ ಆಗುವುದಿಲ್ಲ. ಬಹುಶಃ ಅದಕ್ಕೇ ಯಾರಿಗೂ ಆಸಕ್ತಿ ಇಲ್ಲ.

ವಂತಿಗೆಯ ಮಾತೂ ಇದೆ. ಜಲಾನಯನ ಯೋಜನೆಗಳಿಗೆ ಕೇಂದ್ರ ಸರ್ಕಾರ ತಂದ 2008ರ ಸಾಮಾನ್ಯ ಮಾರ್ಗಸೂಚಿಯಂತೆ ಸ್ವಂತ ಜಮೀನಿನಲ್ಲಿ ಮಣ್ಣು–ನೀರು ಸಂರಕ್ಷಣೆಯ ಕೆಲಸವಾದರೆ ರೈತರು ವೆಚ್ಚದ ಕನಿಷ್ಠ ಶೇ 10, ಸಣ್ಣ ಹಾಗೂ ಅತಿ ಸಣ್ಣ ರೈತರು, ಪರಿಶಿಷ್ಟರು ಶೇ 5 ಕೊಡಬೇಕಿತ್ತು. ನಾನೂ ಕೊಟ್ಟಿದ್ದೇನೆ. ಆ ಹಣ ಜಲಾನಯನ ಅಭಿವೃದ್ಧಿ ನಿಧಿಗೆ ಸೇರಿ, ಯೋಜನೆ ಮುಗಿದ ಮೇಲೆ ಊರಿನ ಆಸ್ತಿಗಳ ದುರಸ್ತಿಗೆ ಬಳಕೆಯಾಗಬೇಕು. ನನ್ನ ಒಡ್ಡು ಸ್ವಂತ ಹೊಲದ್ದು, ಅದಕ್ಕೆ ಆ ಹಣ ಮುಟ್ಟುವಂತಿಲ್ಲ, ಒಪ್ಪಿದೆ. ಆದರೆ ಚೆಕ್ ಡ್ಯಾಂ ಊರಿನದಲ್ಲವೇ? ಹೂಳೆತ್ತಲು ಆ ನಿಧಿ ಏಕೆ ಹೊರಬರುತ್ತಿಲ್ಲ? ಪಾಸ್‌ಬುಕ್ ಯಾರ ಬಳಿ ಇದೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ.

ಇನ್ನು ಮುಂದಾದರೂ ಎರೆ ಭೂಮಿಯ ಅಂದಾಜುಪಟ್ಟಿಯಲ್ಲಿ ಒಡ್ಡಿನ ಜೊತೆಗೇ ಕೋಡಿ ಸೇರಲಿ. ಕೋಡಿ ಕಟ್ಟುವವರೆಗೆ ಬಿಲ್ ತಡೆಹಿಡಿಯಲಿ. ನಿಧಿಯ ಜಮಾ–ಖರ್ಚನ್ನು ಮುಂಗಾರಿಗೆ ಮೊದಲೇ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಸಲಿ.

– ಒಬ್ಬ ಒಣಬೇಸಾಯಗಾರ, ಹುನಗುಂದ ತಾಲ್ಲೂಕು, ಬಾಗಲಕೋಟೆ ಜಿಲ್ಲೆ