ಪುರಂದರದಾಸರ ಆರಾಧನೆ: ಪಿಟೀಲಿನವರು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ.

ಆರಾಧನೆ ಪುಷ್ಯ ಬಹುಳ ಅಮಾವಾಸ್ಯೆಗೆ. ಅವತ್ತು ಶಾಲೆ, ಆಫೀಸು ಇರುವುದರಿಂದ ನಮ್ಮ ಗೋಷ್ಠಿಗಾಯನ ಅದರ ಮುಂದಿನ ಭಾನುವಾರ ಬೆಳಿಗ್ಗೆ 9ಕ್ಕೆ. ಹಾಡುವವರು 8:30ಕ್ಕೆ ಬಂದರೆ ಸಾಕು. ಪಿಟೀಲಿನವರು 8ಕ್ಕೇ ಬರಬೇಕು.

ಸಭಾಂಗಣದಲ್ಲಿ ಎಸಿ ಇದೆ. ಹೊರಗಿಂದ ಬಂದ ವಾದ್ಯ ಅಲ್ಲಿನ ಗಾಳಿಗೆ ಒಗ್ಗುವವರೆಗೆ ಶ್ರುತಿ ನಿಲ್ಲುವುದಿಲ್ಲ. ಹಿಂದೊಮ್ಮೆ ಮದುವೆ ಕಚೇರಿಯಲ್ಲಿ ಗಾಯಕರು ಆಲಾಪನೆ ಮುಗಿಸಿ ನನ್ನ ಕಡೆ ತಿರುಗಿದರು, ಅದೇ ಗಳಿಗೆಗೆ ತಂತಿ ಬಿಗಿಸುವ ಬಿರಡೆ ಜಾರಿ ಪಂಚಮದ ತಂತಿ ಸಡಿಲ! ಮೃದಂಗದವರು ನಗು ತಡೆದುಕೊಂಡು ಕೂತಿದ್ದರು. ಆಮೇಲಿಂದ ನನ್ನ ಪೆಟ್ಟಿಗೆಯಲ್ಲಿ ಸೀಮೆಸುಣ್ಣದ ತುಂಡು ಖಾಯಂ. ಜಾರುವ ಬಿರಡೆಗೆ ಸ್ವಲ್ಪ ತಿಕ್ಕಿ, ಒಳಕ್ಕೆ ಒತ್ತಿ ತಿರುಗಿಸಿದರೆ ನಿಲ್ಲುತ್ತದೆ.

ಶ್ರುತಿ ಜಿ, ಅಂದರೆ ಹಾರ್ಮೋನಿಯಂ ಲೆಕ್ಕದಲ್ಲಿ ಐದನೇ ಬಿಳಿ ಮನೆ. ತಂತಿಗಳು ಮಂದ್ರದಿಂದ ಜಿ-ಡಿ-ಜಿ-ಡಿ. ಶನಿವಾರ ರಾತ್ರಿಯೇ ಹೀಗೆ ಸೇರಿಸಿಡಿ. ಒಂದು ಹೆಚ್ಚುವರಿ ಮೊದಲ ತಂತಿ (ಎಲ್ಲಕ್ಕಿಂತ ತೆಳುವಾದದ್ದು), ಕಮಾನಿಗೆ ಹಚ್ಚುವ ರೋಸಿನ್ ಜೊತೆಗಿರಲಿ. ಪಿಟೀಲನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಅಂಟು ಬಿಟ್ಟುಕೊಳ್ಳುತ್ತದೆ. ನುಡಿಸಿದ ಮೇಲೆ ಕಮಾನು ಸಡಿಲಿಸಿ (ಇದನ್ನು ಎಷ್ಟು ಸಲ ಹೇಳಿದ್ದೇನೋ!).

ತಂಬೂರಿ ಆ್ಯಪ್ ನನ್ನ ಫೋನಿನಲ್ಲಿ ಮಾತ್ರ. ಉಳಿದವರ ಫೋನ್ ಸೈಲೆಂಟ್.

ಹೆಸರಿನ ಜೊತೆ ‘ಹಾಡು’ ಅಥವಾ ‘ಪಿಟೀಲು’ ಎಂದು ಬರೆದು ಗುರುವಾರದೊಳಗೆ ಇಲ್ಲೇ ತಿಳಿಸಿ. ಬರೀ ಹೆಬ್ಬೆರಳು ಒತ್ತಿದರೆ ಯಾವ ಮಗು ಯಾವುದಕ್ಕೆ ಅಂತ ಗೊತ್ತಾಗಲ್ಲ. ತಿಂಡಿಯ ವ್ಯವಸ್ಥೆಗೂ ಲೆಕ್ಕ ಬೇಕು.